ಶಾಲೆಯಲ್ಲೊಂದು ಬೀಜದ ಡಬ್ಬಿ

ಮುಂಗಾರಿನ ಮೋಡ ಕಟ್ಟುವ ಹೊತ್ತಿಗೇ ಶಾಲೆಯ ಬಾಗಿಲೂ ತೆರೆಯುತ್ತದೆ. ಹರಪನಹಳ್ಳಿ ಸೀಮೆಯ ಹಲವಾಗಲಿನಂತಹ ಊರುಗಳಲ್ಲಿ ಶಾಲಾ ಕೈತೋಟಕ್ಕೆ ಇದು ತಕ್ಕ ಕಾಲ. ಮಲೆನಾಡಿನಲ್ಲಿ ಆರಿದ್ರೆಯ ಜಡಿಮಳೆಗೆ ಎಳೆಯ ಸಸಿ ಕೊಳೆಯುತ್ತದೆ. ಬಯಲುಸೀಮೆಯಲ್ಲಿ ಅದೇ ದಿನಗಳು ಬೆಂಡೆ, ಹೀರೆ, ಪುಂಡಿ ಬಿತ್ತಲು ಒದಗುತ್ತವೆ. ಆದುದರಿಂದ ತೋಟದ ಪಾಠವನ್ನು ಆಯಾ ಊರಿನ ಮಳೆ-ಮಣ್ಣುಗಳೇ ನಿರ್ಧರಿಸಬೇಕು.

ಶಾಲಾ ಪೌಷ್ಟಿಕ ಕೈತೋಟಗಳಿಗಾಗಿ ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿತು. ಬಿಸಿಯೂಟದ ಸಾರಿಗೆ ಸೊಪ್ಪು ಒದಗುವುದು ಒಳ್ಳೆಯದೇ. ಆದರೆ ತರಕಾರಿಯ ತೂಕವೊಂದರಿಂದಲೇ ತೋಟವನ್ನು ಅಳೆದರೆ ಕಲಿಕೆ ಸೊರಗುತ್ತದೆ. ಬೆಂಡೆ ಎಷ್ಟನೆಯ ದಿನ ಮೊಳೆಯಿತು? ಮುಂಗಾರಿನಲ್ಲೇ ಹಬ್ಬಿದ ನಾಟಿ ಅವರೆ ಹಗಲು ಕಿರಿದಾಗುವವರೆಗೂ ಹೂ ಬಿಡದೆ ಕಾಯುವುದೇಕೆ? ಇವು ಮಕ್ಕಳು ತಾವೇ ಕಂಡು ಬರೆದಿಡಬೇಕಾದ ಸಂಗತಿಗಳು.

ನಿಜವಾದ ಕಷ್ಟ ಬೇಸಿಗೆಯದು. ಏಪ್ರಿಲ್‌ನಲ್ಲಿ ಶಾಲೆಗೆ ರಜೆ. ನೀರೆರೆಯುವವರಿಲ್ಲದೆ ಪಾತಿಗಳು ಒಣಗುತ್ತವೆ. ಬೇರೂರಿದ ನುಗ್ಗೆ ಉಳಿದೀತು, ಬೆಂಡೆ ಉಳಿಯದು. ಉಳಿಯಬೇಕಾದುದು ಅದರ ಬೀಜ. ಚಳಿಗಾಲದೊಳಗೇ ಒಳ್ಳೆಯ ಗಿಡದ ಕೆಲವು ಕಾಯಿಗಳನ್ನು ಕೊಯ್ಯದೆ ಬಲಿಯಲು ಬಿಟ್ಟು, ಬೀಜವನ್ನು ಒಣಗಿಸಿ, ಬೂದಿ ಬೆರೆಸಿ, ಹೆಸರು ಬರೆದು ಡಬ್ಬಿಯಲ್ಲಿಡಬೇಕು. ಈ ವಿದ್ಯೆ ಬಲ್ಲ ಅಜ್ಜಿಯರನ್ನು ಶಾಲೆಗೆ ಕರೆಯಬೇಕು. ಹೈಬ್ರಿಡ್ ಬೀಜದ ಸಂತತಿ ತಾಯಿಗಿಡದ ಗುಣವನ್ನು ಉಳಿಸಿಕೊಳ್ಳದು. ಆದುದರಿಂದ ನಾಟಿ ತಳಿಯನ್ನೇ ಬಿತ್ತಬೇಕು.

ಪ್ರತಿವರ್ಷ ಅಂಗಡಿಯ ಪೊಟ್ಟಣವನ್ನೇ ಕಾಯುವ ತೋಟದಲ್ಲಿ ಕೃಷಿಯ ಅರ್ಧ ಪಾಠ ಮಾತ್ರ ನಡೆಯುತ್ತದೆ. ತೋಟ ನೋಡಲು ಬರುವ ಅಧಿಕಾರಿಗಳೂ ಪೋಷಕರೂ ಹಸಿರು ಪಾತಿಗಳ ಜೊತೆಗೆ ಬೀಜದ ಡಬ್ಬಿಯನ್ನೂ ಕೇಳಿ ನೋಡಲಿ.