ಹೆದರಿಕೆಯ ಪುಸ್ತಕಕ್ಕೆ ಬೆಲೆ ಎಷ್ಟು?

ದೆವ್ವದ ಕಥೆಗಳನ್ನು ಪುಕ್ಕಟೆ ಕೇಳಿ ಬೆಳೆದವರು ನಾವು. ಅಜ್ಜಿಯ ಬಾಯಿಂದ ಬಂದ ಕೊಳ್ಳಿದೆವ್ವಕ್ಕಾಗಲಿ, ಹುಣಿಸೆಮರದ ಮೋಹಿನಿಗಾಗಲಿ ಯಾರೂ ಕಾಸು ಕೊಟ್ಟವರಲ್ಲ. ಹೀಗಿರಲು, ಹೆದರಿಸುವ ವಿದ್ಯೆಯನ್ನು ಕಲಿಸುವ ಗ್ರಂಥವೊಂದಕ್ಕೆ ಐವತ್ತು ಡಾಲರು ತೆರಬೇಕೆಂದರೆ ಹುಬ್ಬೇರಿಸದವರಾರು? ಗ್ರಂಥದ ಹೆಸರು ‘ವ್ಯಾನ್ ರಿಕ್ಟೆನ್ಸ್ ಗೈಡ್ ಟು ರೇವನ್‌ಲಾಫ್ಟ್’. 2021ರಲ್ಲಿ ಅಮೆರಿಕದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಯವರು ಪ್ರಕಟಿಸಿದ್ದು, 256 ಪುಟ, ಬೆಲೆ 49.95 ಡಾಲರು, ಎಂದರೆ ಆಗಿನ ದರದಲ್ಲಿ ಮೂರೂವರೆ ಸಾವಿರ ರೂಪಾಯಿಗೂ ಮೇಲು. ಹಾಸ್ಟೆಲಿನ ಊಟದ ಲೆಕ್ಕ ಬಲ್ಲ ಯಾವ ವಿದ್ಯಾರ್ಥಿಯೂ ಈ ಮೊತ್ತವನ್ನು ಲಘುವಾಗಿ ಕಾಣಲಾರ.

ಆಟವನ್ನು ಅರಿಯದ ವಾಚಕರಿಗೆ ಎರಡು ಮಾತು. 1974ರಲ್ಲಿ ಹುಟ್ಟಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತಾಳಮದ್ದಳೆಯನ್ನು ಬಲ್ಲವರಿಗೆ ತೀರ ಅಪರಿಚಿತವಾಗಿ ಕಾಣಲಾರದು. ವೇಷವಿಲ್ಲ, ರಂಗವಿಲ್ಲ, ಕುಳಿತಲ್ಲಿಯೇ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆಶುವಾಗಿ ಮಾತನಾಡುತ್ತಾರೆ. ಭಾಗವತರ ಸ್ಥಾನದಲ್ಲಿ ಕಥೆಯನ್ನು ನಡೆಸುವವನೊಬ್ಬ. ವ್ಯತ್ಯಾಸವಿಷ್ಟೆ: ಅಲ್ಲಿ ಕರ್ಣ ಸಾಯುವನೆಂದು ಎಲ್ಲರಿಗೂ ಮೊದಲೇ ಗೊತ್ತು, ಇಲ್ಲಿ ಇಪ್ಪತ್ತು ಮುಖದ ದಾಳ ಉರುಳಿ ನಿಲ್ಲುವ ತನಕ ಯಾರಿಗೂ ಏನೂ ಗೊತ್ತಿಲ್ಲ. ರೇವನ್‌ಲಾಫ್ಟ್ ಎಂಬುದು ಈ ಆಟದ ಭಯಾನಕ ಲೋಕ. 1983ರಲ್ಲಿ ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿಗಳು ರಚಿಸಿದ, ಸ್ಟ್ರಾಡ್ ಎಂಬ ರಕ್ತಪಿಪಾಸು ದೊರೆಯ ಕೋಟೆಯ ಕಥೆಯಿಂದ ಅದು ಬೆಳೆಯಿತು.

ಗ್ರಂಥದ ಮೂಲ ಕಲ್ಪನೆ ಬಹಳ ಸೊಗಸಾದುದು. ಪ್ರತಿಯೊಂದು ನಾಡಿಗೂ ಒಬ್ಬ ದುಷ್ಟ ಒಡೆಯ. ಎಲ್ಲೆಯಲ್ಲಿ ದಾಟಲಾಗದ ಮಂಜು. ಆ ನಾಡು ಅವನಿಗೆ ರಾಜ್ಯವೂ ಹೌದು, ಸೆರೆಮನೆಯೂ ಹೌದು. ತಾನು ಮಾಡಿದ ಪಾಪವೇ ರೂಪ ತಾಳಿ ಅವನನ್ನು ಕಾಡುತ್ತದೆ. ಕರ್ಮಫಲದ ಮಾತು ಕೇಳಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇಂಥ ನಾಡುಗಳನ್ನು ಮೂವತ್ತಕ್ಕೂ ಹೆಚ್ಚು ತುಂಬಿದ್ದಾರೆ! ಜಾತ್ರೆಯ ಬಯಾಸ್ಕೋಪು ಪೆಟ್ಟಿಗೆಗೆ ಕಣ್ಣಿಟ್ಟ ಹಾಗಾಗುತ್ತದೆ. ಒಂದು ಚಿತ್ರ ಮನಸ್ಸಿಗೆ ಇಳಿಯುವಷ್ಟರಲ್ಲಿ ಮತ್ತೊಂದು ಬಂದು ನಿಲ್ಲುತ್ತದೆ. ಅವುಗಳಲ್ಲಿ ಒಂದರ ಹೆಸರು ಕಲಕೇರಿ. ಧಾರವಾಡ, ವಿಜಯಪುರದ ಕಡೆಯ ಗೆಳೆಯರು ಬೆಚ್ಚಬೇಕಾಗಿಲ್ಲ, ಇದು ಆ ಕಲಕೇರಿಯಲ್ಲ. ಒಡಹುಟ್ಟಿದ ಇಬ್ಬರೊಡನೆ ಸಿಂಹಾಸನಕ್ಕಾಗಿ ಮುಗಿಯದ ಯುದ್ಧದಲ್ಲಿ ಸಿಕ್ಕಿಬಿದ್ದಿರುವ, ಸತ್ತೂ ಸಾಯದ ಮಹಾರಾಣಿ ರಮ್ಯಾ ಇಲ್ಲಿಯ ಒಡತಿ. ಬರೆದವರು ಭಾರತೀಯ ಮೂಲದ ಅಜಿತ್ ಜಾರ್ಜ್. ಹಿಂದಿನ ಆವೃತ್ತಿಗಳಲ್ಲಿ ಈ ಜಾಗದಲ್ಲಿದ್ದುದು ‘ಶ್ರೀ ರಾಜಿ’ ಎಂಬ ಕಾಡುನಾಡು, ಪರದೇಶದವರು ದೂರದಿಂದ ಊಹಿಸಿಕೊಂಡ ಇಂಡಿಯ. ಕಲಕೇರಿಯಲ್ಲಿ ದಾಯಾದಿ ಮತ್ಸರದ ವಾಸನೆ ನಿಜವಾಗಿ ಬಡಿಯುತ್ತದೆ. ಅದಕ್ಕೆ ಸಂದ ಪುಟಗಳು ಮಾತ್ರ ತೀರ ಕಡಮೆ ಎಂಬುದೇ ನನ್ನ ಅಸಮಾಧಾನ.

ಹಣ ಸಾರ್ಥಕವಾಗುವುದು ಎರಡು ಅಧ್ಯಾಯಗಳಲ್ಲಿ. ಒಂದು, ಭಯದ ಬಗೆಗಳನ್ನು ವಿಂಗಡಿಸಿ ವಿವರಿಸುವ ಭಾಗ. ದೆವ್ವದ ಕಥೆಯ ಭಯ ಬೇರೆ, ಹಳ್ಳಿಯ ಹಳೆಯ ಆಚರಣೆಯೊಂದು ಹೊರಗಿನಿಂದ ಬಂದವನಿಗೆ ಹುಟ್ಟಿಸುವ ಭಯ ಬೇರೆ, ತನ್ನ ದೇಹವೇ ತನಗೆ ಪರಕೀಯವಾಗುವ ಭಯ ಬೇರೆ. ಒಂದೊಂದನ್ನೂ ಹೇಗೆ ಕಟ್ಟಬೇಕೆಂದು ತಿಳಿಸುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳು ಭಯಾನಕ, ಬೀಭತ್ಸ, ಅದ್ಭುತಗಳನ್ನು ನೆನೆಯುತ್ತ ಇದನ್ನು ಓದಬಹುದು.

ಇನ್ನೊಂದು, ಆಟಕ್ಕೆ ಕೂರುವ ಮುನ್ನ ಮಾಡಬೇಕಾದ ಸಿದ್ಧತೆ. ಯಾವ ಸಂಗತಿಗಳು ಕಥೆಯಲ್ಲಿ ಬರಕೂಡದೆಂದು ಪ್ರತಿಯೊಬ್ಬರನ್ನೂ ಮೊದಲೇ ಕೇಳು. ನಡುವೆ ಅವರ ಮುಖ ನೋಡು. ಮುಗಿದ ಮೇಲೆ ಕುಳಿತು ಮಾತನಾಡು. ಇದೆಲ್ಲ ಅತಿ ನಾಜೂಕು, ಹೆದರಲು ಬಂದವರಿಗೆ ಈ ಉಪಚಾರವೇಕೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಐವರು ಆಡಲು ಕುಳಿತೆವು. ಈ ಪ್ರಶ್ನೆಯನ್ನು ಕೇಳಿದಾಗ, ಎಲ್ಲರಿಗಿಂತ ಗಟ್ಟಿಯಾಗಿ ನಗುವ ಗೆಳೆಯನೊಬ್ಬ ತಲೆ ತಗ್ಗಿಸಿ, “ಬಾವಿ ಬೇಡ ಕಣ್ರೋ” ಎಂದ. ಏಕೆಂದು ಯಾರೂ ಕೇಳಲಿಲ್ಲ. ಬಾವಿಯನ್ನು ತೆಗೆದು ಅಲ್ಲಿ ಒಂದು ಪಾಳು ಮಂಟಪ ಇಟ್ಟೆವು. ಆ ರಾತ್ರಿ ಎಲ್ಲರಿಗಿಂತ ಹೆಚ್ಚು ಹೆದರಿದವನೂ, ಮರುವಾರ ಎಲ್ಲರಿಗಿಂತ ಮೊದಲು ಬಂದು ಕುಳಿತವನೂ ಅವನೇ. ತಾನು ಎಲ್ಲಿಯವರೆಗೆ ಹೋಗಬೇಕಾದೀತೆಂಬುದು ತಿಳಿದವನು ಮಾತ್ರ ಧೈರ್ಯವಾಗಿ ಹೆದರಬಲ್ಲ. ಇದನ್ನು ಅಜ್ಜಿ ಅರಿತಿದ್ದಳು. ಮೊಮ್ಮಗನ ಮುಖ ನೋಡಿಯೇ ದೆವ್ವವನ್ನು ಹಿಗ್ಗಿಸುತ್ತಿದ್ದಳು, ಕುಗ್ಗಿಸುತ್ತಿದ್ದಳು.

ಪುಸ್ತಕದಲ್ಲಿ ‘ಹೌಸ್ ಆಫ್ ಲಮೆಂಟ್’ ಎಂಬ ಪಾಳುಮನೆಯ ಕಥೆಯೊಂದಿದೆ. ಪ್ರೇತವನ್ನು ಕರೆದು ಮಾತನಾಡಿಸುವ ಭಾಗ ಚೆನ್ನಾಗಿದೆ, ಹೊಸಬರು ಇಲ್ಲಿಂದ ಆರಂಭಿಸಬಹುದು. ಭೂತಗಳ ಪಟ್ಟಿಯನ್ನು ನಾನು ಮಗುಚಿ ಹಾಕಿದೆನಷ್ಟೆ.

ಒಂದು ಎಚ್ಚರಿಕೆ: ಇದೊಂದೇ ಪುಸ್ತಕದಿಂದ ಆಟವಾಗದು, ಮೂಲ ನಿಯಮಗಳು ಬೇಕು. ಮೂಲದ ಮುಖ್ಯಾಂಶಗಳನ್ನು 2023ರಲ್ಲಿ ಎಲ್ಲರ ಬಳಕೆಗೂ ಮುಕ್ತಗೊಳಿಸಿರುವುದರಿಂದ ಅದಕ್ಕೆ ಹಣ ತೆರಬೇಕಾಗಿಲ್ಲ. 2024ರಲ್ಲಿ ನಿಯಮಗಳನ್ನು ಪರಿಷ್ಕರಿಸಿದ್ದರಿಂದ ಪಾತ್ರಗಳ ಶಕ್ತಿ ಸಾಮರ್ಥ್ಯಗಳ ಭಾಗವನ್ನು ಅಲ್ಲಲ್ಲಿ ಹೊಂದಿಸಿಕೊಳ್ಳಬೇಕಾದೀತು. ನಾನು ಮೆಚ್ಚಿದ ಎರಡು ಅಧ್ಯಾಯಗಳಿಗೆ ಆ ಬಾಧೆಯಿಲ್ಲ.

ಪಾತ್ರ ವಹಿಸುವವರು ಇದನ್ನು ಕೊಳ್ಳಬೇಕಾಗಿಲ್ಲ, ಓದದಿದ್ದರೇ ಒಳ್ಳೆಯದು. ಕಥೆ ನಡೆಸುವವನಲ್ಲಿ ಒಂದು ಪ್ರತಿ ಇರಲಿ. ಬೆಲೆಯನ್ನು ಐವರೂ ಹಂಚಿಕೊಂಡರೆ 2021ರ ದರದಲ್ಲಿ ತಲೆಗೆ ಏಳುನೂರು ರೂಪಾಯಿಯ ಆಸುಪಾಸು ಬೀಳುತ್ತಿತ್ತು. ನಮ್ಮ ಪ್ರತಿ ಎರಡನೆಯ ಮಹಡಿಯ ಮೂಲೆಯ ಕೋಣೆಯಲ್ಲಿದೆ. ಕೇಳಿದವರಿಗೆ ಕೊಡುತ್ತೇವೆ, ಶನಿವಾರ ರಾತ್ರಿಯೊಂದನ್ನು ಬಿಟ್ಟು.