ಹಾಡು ಭಿಕ್ಷೆಯ ನೆಪವೇ?

2025ರ ಫೆಬ್ರುವರಿ 9ರಂದು ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ನಡೆದ ಘಟನೆಯನ್ನು ನೀವೆಲ್ಲರೂ ಪತ್ರಿಕೆಗಳಲ್ಲಿ ಓದಿರುತ್ತೀರಿ. ತಮ್ಮ ಸಂಗೀತ ಕಾರ್ಯಕ್ರಮಕ್ಕೆಂದು ನಗರಕ್ಕೆ ಬಂದಿದ್ದ ಇಂಗ್ಲೆಂಡಿನ ಪ್ರಸಿದ್ಧ ಗಾಯಕ ಎಡ್ ಶೀರನ್ ಅವರು ಗಿಟಾರ್ ಹಿಡಿದು ಬೀದಿಯ ಬದಿಯಲ್ಲಿ ಹಾಡಲು ನಿಂತರು. ಪೊಲೀಸರು ಬಂದು ಧ್ವನಿವರ್ಧಕದ ತಂತಿ ಕಿತ್ತು ಹಾಡನ್ನು ನಿಲ್ಲಿಸಿದರು. ಅನುಮತಿ ಇತ್ತೆಂದು ಗಾಯಕರು ಹೇಳಿದರು; ಕೊಟ್ಟಿರಲಿಲ್ಲವೆಂದು ಪೊಲೀಸರು ಹೇಳಿದರು. ದೇಶವಿದೇಶಗಳಲ್ಲಿ ಅದು ಸುದ್ದಿಯಾಯಿತು. ಅತಿಥಿಗೆ ಅವಮಾನವಾಯಿತೆಂದು ಅನೇಕರು ಮರುಗಿದರು.

ಮರುಗಿದ್ದು ತಪ್ಪಲ್ಲ. ಆದರೆ ಕಿನ್ನರಿ ಜೋಗಿಯನ್ನೋ, ಚೌಡಿಕೆಯವರನ್ನೋ, ತಂಬೂರಿ ಹಿಡಿದ ನೀಲಗಾರರನ್ನೋ ಇದೇ ನಗರದ ಬೀದಿಗಳಿಂದ "ಮುಂದಕ್ಕೆ ಹೋಗು" ಎಂದು ಅಟ್ಟುವಾಗ ಮರುಗಿದವರೆಷ್ಟು ಮಂದಿ? ಅವರ ವಾದ್ಯಕ್ಕೆ ಕೀಳಲು ತಂತಿಯೂ ಇರುವುದಿಲ್ಲ, ಅವರ ಪರವಾಗಿ ಬರೆಯಲು ಪತ್ರಿಕೆಯೂ ಇರುವುದಿಲ್ಲ. ನಾನು ಈ ದಿನ ಬರೆಯಬೇಕೆಂದಿರುವುದು ಅವರನ್ನು ಕುರಿತು.

ಮೊದಲು ಕಾಯಿದೆಯ ಮಾತನ್ನು ನೋಡೋಣ. 1959ರ ಬೊಂಬಾಯಿ ಭಿಕ್ಷಾಟನೆ ತಡೆ ಕಾಯಿದೆಯು ಭಿಕ್ಷಾಟನೆಯ ಅರ್ಥವನ್ನು ಹೇಳುವಾಗ, ಹಾಡುವ, ಕುಣಿಯುವ, ಕಣಿ ಹೇಳುವ ನೆಪದಿಂದ ಸಾರ್ವಜನಿಕ ಸ್ಥಳದಲ್ಲಿ ಹಣ ಪಡೆಯುವುದನ್ನೂ ಅದರೊಳಗೆ ಸೇರಿಸಿತು. "ನೆಪ" ಎಂಬ ಆ ಪದವನ್ನು ಗಮನಿಸಿರಿ. ಹಾಡುವವನು ವಾಸ್ತವವಾಗಿ ಹಾಡುತ್ತಿಲ್ಲ, ಹಾಡುವಂತೆ ನಟಿಸಿ ಬೇಡುತ್ತಿದ್ದಾನೆ ಎಂಬುದು ಅದರ ಇಂಗಿತ. ದೆಹಲಿಗೂ ಅನ್ವಯಿಸಿದ್ದ ಈ ಕಾಯಿದೆಯ ಮುಖ್ಯ ಕಲಮುಗಳನ್ನು 2018ರ ಆಗಸ್ಟ್ 8ರಂದು ದೆಹಲಿ ಉಚ್ಚ ನ್ಯಾಯಾಲಯವು ಸಂವಿಧಾನಬಾಹಿರವೆಂದು ಸಾರಿತು. ನಮ್ಮ ರಾಜ್ಯಕ್ಕೆ 1975ರ ಭಿಕ್ಷಾಟನೆ ನಿಷೇಧ ಕಾಯಿದೆಯಿದೆ. ಭಿಕ್ಷುಕನೆಂದು ಕಂಡವನನ್ನು ಹಿಡಿದು ಪರಿಹಾರ ಕೇಂದ್ರಕ್ಕೆ ಒಯ್ಯುವ ಅಧಿಕಾರವನ್ನು ಅದು ಕೊಟ್ಟಿದೆ. ಇದಕ್ಕಾಗಿ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡಾ 3ರಷ್ಟು ಉಪಕರವೂ ಇದೆ. ಅಂದಮೇಲೆ ಬೀದಿಯ ಗಾಯಕನನ್ನು ಭಿಕ್ಷುಕನೆಂದು ಎಣಿಸುವುದರಲ್ಲಿ ನಮ್ಮೆಲ್ಲರ ಪಾಲೂ ಇದೆಯೆಂದಾಯಿತು.

ಇನ್ನು ನಮ್ಮ ಸಂಗೀತೋತ್ಸವಗಳತ್ತ ಬರೋಣ. 1939ರಲ್ಲಿ ಆರಂಭವಾದ ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಲಿಯ ರಾಮನವಮಿ ಉತ್ಸವವು ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಎಷ್ಟು ತಲೆಮಾರುಗಳಿಗೆ ಸಂಗೀತದ ಸವಿ ಹತ್ತಿಸಿದೆಯೆಂಬುದನ್ನು ನಾನು ಹೇಳಬೇಕಾಗಿಲ್ಲ. ಟಿಕೇಟು ಕೊಳ್ಳಲಾರದವರು ಚಪ್ಪರದ ಹೊರಗೆ ರಸ್ತೆಯಲ್ಲಿ ನಿಂತು ಕೇಳಿ ತಣಿದ ಪರಂಪರೆಯೂ ಅದಕ್ಕುಂಟು. ಇಂತಹ ವೇದಿಕೆಗಳಲ್ಲಿ ನಾವು ಯಾರ ಕೃತಿಗಳನ್ನು ಕೇಳುತ್ತೇವೆ? ಇದ್ದ ಸಂಪತ್ತನ್ನೆಲ್ಲ ತೊರೆದು ತಂಬೂರಿ ಮೀಟುತ್ತ ಬೀದಿ ಬೀದಿ ತಿರುಗಿದರೆಂದು ಪ್ರತೀತಿಯಿರುವ ಪುರಂದರದಾಸರವು. ತಿರುವಯ್ಯಾರಿನ ಬೀದಿಗಳಲ್ಲಿ ಹಾಡುತ್ತ ಅಕ್ಕಿಯನ್ನು ಸ್ವೀಕರಿಸಿ ಉಂಛವೃತ್ತಿಯಿಂದ ಬಾಳಿದ ತ್ಯಾಗರಾಜರವು. ತ್ಯಾಗರಾಜರ ಆರಾಧನೆಯಲ್ಲಿ ವಿದ್ವಾಂಸರು ಭಜನೆ ಮಾಡುತ್ತ ಬೀದಿಯಲ್ಲಿ ನಡೆದು ಆ ಉಂಛವೃತ್ತಿಯನ್ನು ಇಂದಿಗೂ ಆಚರಿಸುತ್ತಾರೆ. ನಾವು ಕೈಮುಗಿದು ನಿಂತು ಅವರ ಪಾತ್ರೆಗೆ ಅಕ್ಕಿ ಹಾಕುತ್ತೇವೆ. ಮನೆಗೆ ಮರಳುವ ದಾರಿಯಲ್ಲಿ ಹೊಟ್ಟೆಯ ಪಾಡಿಗಾಗಿ ಅದನ್ನೇ ಮಾಡುವವನು ಎದುರಾದರೆ ಮುಖ ತಿರುಗಿಸುತ್ತೇವೆ. ಸತ್ತ ಬೀದಿಗಾಯಕರಿಗೆ ಆರಾಧನೆ, ಬದುಕಿರುವವರಿಗೆ ಪೊಲೀಸರು! ಇದು ಯಾವ ನ್ಯಾಯ?

ಮೈಸೂರು ದಸರೆಯಲ್ಲೂ ಇದೇ ಕಥೆ. ಜಂಬೂ ಸವಾರಿಯ ಮುಂದೆ ಕಂಸಾಳೆಯವರು, ಗೊರವರು ಸಾಗುವಾಗ ಚಪ್ಪಾಳೆ ತಟ್ಟುತ್ತೇವೆ, ಫೋಟೋ ತೆಗೆಯುತ್ತೇವೆ. ವಾರ ಕಳೆದ ಮೇಲೆ ಅದೇ ಗೊರವಯ್ಯ ಡಮರುಗ ಹಿಡಿದು ಸಂತೆಗೆ ಬಂದರೆ ಚಿಲ್ಲರೆ ಇಲ್ಲವೆನ್ನುತ್ತೇವೆ. ಮಲೆಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳನ್ನು ವಿದ್ವಾಂಸರು ಬರೆದುಕೊಂಡದ್ದು ಯಾವ ಓಲೆಗರಿಯಿಂದಲೂ ಅಲ್ಲ. ಊರೂರು ತಿರುಗಿ ಹಾಡುವ ದೇವರಗುಡ್ಡರ, ನೀಲಗಾರರ ಬಾಯಿಂದ. ಆ ಕಾವ್ಯಗಳನ್ನು ಇಂದು ವಿಶ್ವವಿದ್ಯಾನಿಲಯಗಳಲ್ಲಿ ಓದುತ್ತಾರೆ. ಹಾಡಿದವರ ಮಕ್ಕಳು ಮಾತ್ರ ಆ ತಂಬೂರಿಯನ್ನು ಕೈಗೆತ್ತಿಕೊಳ್ಳಲು ನಾಚುವಂತೆ ಮಾಡಿದ್ದೇವೆ.

ಕೆಲವು ವರ್ಷಗಳ ಹಿಂದೆ ಒಂದು ಸಂಗೀತೋತ್ಸವದ ಬಾಗಿಲಲ್ಲಿ ಕಂಡದ್ದನ್ನು ಹೇಳುತ್ತೇನೆ. ವೃದ್ಧ ಜೋಗಿಯೊಬ್ಬ ತನ್ನ ಕಿನ್ನರಿಯನ್ನು ಮಡಿಲಲ್ಲಿಟ್ಟುಕೊಂಡು ಚಪ್ಪರದ ಹೊರಗಿನ ಮರದ ಬುಡದಲ್ಲಿ ಕುಳಿತಿದ್ದ. ಯಾರಲ್ಲೂ ಏನನ್ನೂ ಕೇಳುತ್ತಿರಲಿಲ್ಲ. ಒಳಗಿನಿಂದ ಬರುತ್ತಿದ್ದ ಪಿಟೀಲಿನ ನಾದಕ್ಕೆ ಅವನ ಬೆರಳುಗಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದವು. ಕಾವಲುಗಾರ ಬಂದು ಅವನನ್ನು ಎಬ್ಬಿಸಿದ. ಕೇಳಲು ಬಂದವನೆಂಬ ನನ್ನ ಮಾತಿಗೆ, "ಸಾರ್, ಇವರೆಲ್ಲ ಬೇಡೋಕೆ ಬರೋರು" ಎಂಬುದು ಉತ್ತರ. ರಸಿಕನಾಗುವ ಹಕ್ಕೂ ಅವನಿಗೆ ಇರಲಿಲ್ಲ.

ಆಕ್ಷೇಪಣೆಗಳು ನನಗೆ ತಿಳಿಯದವೇನಲ್ಲ. ಗದ್ದಲವಾಗುತ್ತದೆ ಎನ್ನುವವರುಂಟು. ಕಿನ್ನರಿಯ ಸೋರೆಬುರುಡೆಗಳಿಂದ ಹೊರಡುವ ನಾದವು ನಮ್ಮ ಬಡಾವಣೆಗಳ ಧ್ವನಿವರ್ಧಕಗಳ ಮುಂದೆ ಪಿಸುಮಾತು. ಮಕ್ಕಳನ್ನು ದುಡಿಸುವವರಿದ್ದಾರೆ ಎನ್ನುವವರುಂಟು. ಮಕ್ಕಳು ಶಾಲೆಯಲ್ಲಿರಬೇಕೆಂಬ ವಿಷಯದಲ್ಲಿ ಈ ಮೇಷ್ಟರಿಗೆ ಎರಡನೆಯ ಅಭಿಪ್ರಾಯವಿಲ್ಲ. ಆದರೆ ಶಿಕ್ಷೆ ಆಗಬೇಕಾದದ್ದು ದುಡಿಸುವವನಿಗೆ. ದೆಹಲಿಯ ತೀರ್ಪು ಕೂಡ ಅನ್ಯರಿಂದ ಭಿಕ್ಷೆ ಬೇಡಿಸುವವರನ್ನು ದಂಡಿಸುವ ಕಲಮನ್ನು ಹಾಗೆಯೇ ಉಳಿಸಿತು. ಹಣಕ್ಕಾಗಿ ತಾನೇ ಹಾಡುವುದು ಎನ್ನುವವರೂ ಉಂಟು. ಸಭೆಯ ವಿದ್ವಾಂಸರಿಗೆ ಕೊಡುವುದು ಸಂಭಾವನೆ, ಬೀದಿಯವನಿಗೆ ಕೊಡುವುದು ಭಿಕ್ಷೆ ಎಂಬ ಭೇದ ಎಲ್ಲಿಂದ ಬಂತು? ಸಭೆಯಲ್ಲಿ ನಾವು ಕೇಳುವ ಮೊದಲೇ ಹಣ ತೆರುತ್ತೇವೆ. ಬೀದಿಯಲ್ಲಿ ಕೇಳಿ, ಮೆಚ್ಚಿದರೆ ಮಾತ್ರ ಕೊಡುತ್ತೇವೆ. ಕಠಿಣವಾದ ಪರೀಕ್ಷೆ ಯಾವುದೆಂದು ನೀವೇ ಹೇಳಿ.

ಪರಿಹಾರಗಳು ಕಷ್ಟದವಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ತರಕಾರಿ ಮಾರುವವರಿಗೆ ಗುರುತಿನ ಪತ್ರವನ್ನೂ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಪ್ರಾತಿನಿಧ್ಯವನ್ನೂ ಕೊಟ್ಟಿತು. ಅದೇ ಮಾದರಿಯಲ್ಲಿ ಅಲೆಮಾರಿ ಗಾಯಕರಿಗೂ ಗುರುತಿನ ಪತ್ರ ಕೊಡಬಹುದು, ಮಾರುಕಟ್ಟೆ, ಉದ್ಯಾನ, ಮೆಟ್ರೋ ನಿಲ್ದಾಣಗಳ ಬಳಿ ಹಾಡುವ ತಾಣಗಳನ್ನು ಗುರುತಿಸಬಹುದು. ಲಂಡನ್ನಿನ ಸುರಂಗ ರೈಲಿನಲ್ಲಿ 2003ರಿಂದ ಪರವಾನಗಿ ಪಡೆದ ಗಾಯಕರು ನಿಗದಿತ ಜಾಗಗಳಲ್ಲಿ ಹಾಡುತ್ತಿದ್ದಾರೆ. ಅಲ್ಲಿ ನೆಲೆಸಿರುವ ನನ್ನ ಶಿಷ್ಯರು ನೋಡಿಯೇ ಇರುತ್ತಾರೆ. ಮೈಸೂರಿನ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನ ಗಣೇಶೋತ್ಸವದಲ್ಲಿ ಹಿರಿಯ ವಿದ್ವಾಂಸರು ರಸ್ತೆಯಲ್ಲೇ ಹಾಕಿದ ಚಪ್ಪರದಲ್ಲಿ ಹಾಡುತ್ತಾರೆ, ಜನ ಟಿಕೇಟಿಲ್ಲದೆ ಕುಳಿತು ಕೇಳುತ್ತಾರೆ. ಬೀದಿಯಲ್ಲಿ ಹಾಡಿದರೆ ಸಂಗೀತಕ್ಕೆ ಮೈಲಿಗೆಯಾಗದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಉತ್ಸವ ನಡೆಸುವವರು ತಮ್ಮ ಬಾಗಿಲ ಬಳಿ ಈ ಗಾಯಕರಿಗೆ ಸಂಜೆಯ ಅರ್ಧ ಗಂಟೆಯನ್ನೂ, ಬಳಿಕ ಒಳಗೆ ಕುಳಿತು ಕೇಳಲು ಒಂದು ಸಾಲು ಕುರ್ಚಿಗಳನ್ನೂ ಕೊಡಲಿ. ಸರಕಾರವು 1975ರ ಕಾಯಿದೆಗೆ ತಿದ್ದುಪಡಿ ತಂದು, ಹಾಡು, ಕುಣಿತ, ವಾದ್ಯಗಳಿಂದ ಜೀವಿಸುವುದು ಭಿಕ್ಷಾಟನೆಯಲ್ಲವೆಂದು ಸ್ಪಷ್ಟವಾಗಿ ಬರೆಯಲಿ.

ನನ್ನ ಶಿಷ್ಯರಲ್ಲಿ ವಕೀಲರಿದ್ದೀರಿ, ಪೊಲೀಸ್ ಇಲಾಖೆಯಲ್ಲಿದ್ದೀರಿ, ಸಂಗೀತ ಸಭೆಗಳ ಪದಾಧಿಕಾರಿಗಳೂ ಇದ್ದೀರಿ. ನಿಮ್ಮ ನಿಮ್ಮ ಸ್ಥಾನದಲ್ಲಿ ಆಗುವುದನ್ನು ಮಾಡಿರಿ. ಬಂಧುಗಳಲ್ಲಿ ನನ್ನ ಕೋರಿಕೆ ಇನ್ನೂ ಚಿಕ್ಕದು. ಮುಂದಿನ ಸಲ ನಿಮ್ಮ ಬೀದಿಗೆ ತಂಬೂರಿಯವರು ಬಂದಾಗ ನಾಣ್ಯ ಎಸೆದು ಬಾಗಿಲು ಮುಚ್ಚಬೇಡಿ. ಮಕ್ಕಳನ್ನೂ ಕರೆದು ಕೂರಿಸಿಕೊಂಡು ಒಂದು ಹಾಡನ್ನು ಪೂರ್ತಿಯಾಗಿ ಕೇಳಿರಿ. ಅನಂತರ ಅದಕ್ಕೆ ಸಲ್ಲಬೇಕಾದದ್ದನ್ನು ಕೈಗೆ ಕೊಟ್ಟು ಕಳುಹಿಸಿರಿ.