ಊರು ಕಾದವರೂ ನಾವೇ, ಕಳ್ಳರೂ ನಾವೇ?



ಪೊಲೀಸ್ ಸಾಹೇಬರು ಊರಿಗೆ ಬಂದು ಸಭೆ ಕರೆಯುತ್ತಾರೆ. "ಅಪರಾಧ ತಡೆಯೋದು ನಮ್ಮೊಬ್ಬರ ಕೈಲಿ ಆಗೂದಿಲ್ಲ, ನೀವೂ ಕೈ ಜೋಡಿಸ್ರಿ" ಅನ್ನುತ್ತಾರೆ. ಮಾತು ಸರಿಯಾಗಿಯೇ ಇದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕೇರಿಕೇರಿಯಲ್ಲಿ ಅಡ್ಡಾಡಿ ಬಂದ ನಮಗೆ ಇರುವ ಪ್ರಶ್ನೆ ಒಂದೇ. ಆ "ನೀವು" ಅಂದರೆ ಯಾರು? ಆ ಮಾತಿನೊಳಗೆ ನಮ್ಮ ಕೇರಿ ಇದೆಯೋ ಇಲ್ಲವೋ?

2017ರಲ್ಲಿ ನಮ್ಮ ರಾಜ್ಯದಲ್ಲಿ ಹೊಸ ಬೀಟ್ ಪದ್ಧತಿ ಬಂತು. ಒಂದೊಂದು ಊರಿಗೆ, ಒಂದೊಂದು ಓಣಿಗೆ ಒಬ್ಬ ಪೇದೆ ಜವಾಬ್ದಾರ. ಅವನ ಜೊತೆ ಊರಿನ ನಾಗರಿಕರ ಸಮಿತಿ. 2025ರ ಜುಲೈಯಲ್ಲಿ "ಮನೆ ಮನೆಗೆ ಪೊಲೀಸ್" ಅಂತ ಮತ್ತೊಂದು ಕಾರ್ಯಕ್ರಮ ಶುರುವಾಯಿತು. ಜನ ಠಾಣೆ ಹತ್ತುವ ಮೊದಲು ಪೊಲೀಸರೇ ಮನೆ ಬಾಗಿಲಿಗೆ ಬಂದು ಕಷ್ಟ ಕೇಳಬೇಕು ಅನ್ನೋದು ಇದರ ಉದ್ದೇಶ. ಇದು ಕಾಗದದ ಮೇಲೆ ಚಂದ ಕಾಣುತ್ತದೆ. ನಮ್ಮ ಕೇರಿಗೂ ಪೊಲೀಸರು ಹೊಸಬರಲ್ಲ, ಅವರು ಮೊದಲಿನಿಂದಲೂ ನಮ್ಮ ಮನೆ ಬಾಗಿಲಿಗೆ ಬರುತ್ತಲೇ ಇದ್ದಾರೆ. ಆದರೆ ಅವರು ಬರುವ ಹೊತ್ತು ಬೇರೆ, ಬರುವ ರೀತಿ ಬೇರೆ.

ಒಂದೂರಿನ ಮಾತು ಹೇಳುತ್ತೇವೆ. ಊರಿನ ಹೆಸರು ಬೇಡ, ಠಾಣೆಯ ಹೆಸರೂ ಬೇಡ. ಹೆಸರು ಹಾಕಿದರೆ ಅಲ್ಲಿಯ ನಮ್ಮ ಜನ ನಾಳೆ ಕೂಲಿಗೆ ಹೋಗಬೇಕಲ್ಲ. ಬೀಟ್ ಸಭೆಯನ್ನು ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕರೆದರು. ಆ ಕಟ್ಟೆ ನಮ್ಮವರು ಹತ್ತುವ ಕಟ್ಟೆ ಅಲ್ಲ. ಕಾನೂನು ಹತ್ತಬಹುದು ಅನ್ನುತ್ತದೆ, ಊರು ಬೇಡ ಅನ್ನುತ್ತದೆ. ಊರಿನ ಹಿರಿಯರು, ರೇಶನ್ ಅಂಗಡಿಯವರು, ಗುತ್ತಿಗೆದಾರರು ಮೇಲೆ ಕೂತರು. ನಮ್ಮವರು ನಾಲ್ಕು ಮಂದಿ ಬೇವಿನ ಗಿಡದ ಕೆಳಗೆ ನಿಂತರು. ಸಮಿತಿಯ ಹೆಸರು ಬರೆದುಕೊಂಡದ್ದು ಮೇಲೆ ಕೂತವರದ್ದು. ಕೇರಿಯಿಂದ ಯಾರು ಅಂತ ಒಬ್ಬ ಹುಡುಗ ಕೇಳಿದ್ದಕ್ಕೆ "ನಿಮ್ಮ ಮೆಂಬರ್ ಅದಾನಲ್ಲೋ" ಅಂದರು. ಆ ಮೆಂಬರು ಅವತ್ತು ಕಬ್ಬು ಕಡಿಯೋ ಗ್ಯಾಂಗಿನ ಜೊತೆ ದುಡಿಯಲು ಹೋಗಿದ್ದ.

ಆಮೇಲೆ ಹೊಳೆದಂಡೆಯ ಹೊಲದಲ್ಲಿ ಪಂಪ್‌ಸೆಟ್ಟಿನ ಕೇಬಲ್ ಕಳುವಾಯಿತು. ಅವತ್ತು ರಾತ್ರಿ ಜೀಪು ಸೀದಾ ಕೇರಿಗೆ ಬಂತು. ಇಬ್ಬರು ಹುಡುಗರನ್ನು ಎಬ್ಬಿಸಿದರು.

"ಸಾಹೇಬ್ರ, ನಮ್ಮ ಹುಡುಗೋರು ಏನ್ ಮಾಡ್ಯಾರ್ರೀ?" ಅಂತ ತಾಯಿ ಕೇಳಿದಳು.

"ಸುಮ್ನ ಕೇಳೂದೈತಿ, ಮುಂಜಾನೆ ಬಿಡ್ತೀವಿ."

ಎರಡು ದಿನವಾದ ಮೇಲೆ ಬಿಟ್ಟರು. ಹಿಡಿದದ್ದಕ್ಕೆ ಕಾಗದವಿಲ್ಲ, ಬಿಟ್ಟದ್ದಕ್ಕೂ ಕಾಗದವಿಲ್ಲ. ಬಂಧಿಸಿದರೆ ಪತ್ರ ಬರೆಯಬೇಕು, ಸಾಕ್ಷಿಯ ಸಹಿ ಇರಬೇಕು, ಮನೆಯವರಿಗೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟು ಡಿ.ಕೆ. ಬಸು ಪ್ರಕರಣದಲ್ಲಿ ಹೇಳಿದ್ದು 1996ರಲ್ಲಿ. ಕೇಬಲ್ ಕದ್ದವರು ಬೇರೆ ಕಡೆಯವರು ಅಂತ ಆಮೇಲೆ ಗೊತ್ತಾಯಿತು. ಆ ತಾಯಿಗೆ ಯಾರೂ ಬಂದು "ತಪ್ಪಾತವ್ವಾ" ಅನ್ನಲಿಲ್ಲ. ಸಮಿತಿಯಲ್ಲಿ ಕೇರಿಯವರು ಒಬ್ಬರಾದರೂ ಇದ್ದಿದ್ದರೆ, ಅವತ್ತು ರಾತ್ರಿ ಆ ಹುಡುಗರು ಎಲ್ಲಿದ್ದರು ಅಂತ ಹೇಳುವ ಬಾಯೊಂದು ಇರುತ್ತಿತ್ತು.

ಇದು ಇವತ್ತಿನ ಕಥೆ ಅಲ್ಲ. ಪೊಲೀಸ್ ಇಲಾಖೆ ಹುಟ್ಟುವ ಮೊದಲೇ ಊರು ಕಾದವರು ಯಾರು? ತಳವಾರ, ವಾಲೀಕಾರ, ಮಹಾರ, ಹೊಲೆಯ, ಹೀಗೆ ಊರಿಗೊಂದು ಹೆಸರು. ರಾತ್ರಿ ಗಸ್ತು ತಿರುಗಿದವರು, ಊರಿನ ಗಡಿ ತೋರಿಸಿದವರು, ಕಳ್ಳನ ಹೆಜ್ಜೆ ಹುಡುಕಿದವರು, ಸರ್ಕಾರಿ ಪತ್ರ ಹೊತ್ತು ಮೈಲುಗಟ್ಟಲೆ ನಡೆದವರು ನಮ್ಮ ಅಜ್ಜ ಮುತ್ತಜ್ಜಂದಿರು. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ 1867ರ ಗ್ರಾಮ ಪೊಲೀಸ್ ಕಾಯಿದೆಯ ಪ್ರಕಾರ ಅಧಿಕಾರವೆಲ್ಲ ಪೊಲೀಸ್ ಪಾಟೀಲನದು, ನಿದ್ದೆಗೆಟ್ಟು ಕಾಯುವ ಕೆಲಸ ನಮ್ಮದು. ಕಳವಾದರೆ ಮೊದಲ ಪೆಟ್ಟೂ ನಮಗೇ. ಕೂಲಿ ಅಂದರೆ ತುಂಡು ಇನಾಮು ಭೂಮಿ ಮತ್ತು ಸುಗ್ಗಿಯಲ್ಲಿ ಕಣದ ಮುಂದೆ ಸೆರಗೊಡ್ಡಿ ಬೇಡಿದ ಕಾಳು.

ಬಾಬಾಸಾಹೇಬರು 1925ರಲ್ಲಿ ನಮ್ಮ ಪಕ್ಕದ ನಿಪ್ಪಾಣಿಗೆ ಬಂದು ದಲಿತರ ಪರಿಷತ್ತಿನಲ್ಲಿ ಮಾತಾಡಿದರು. 1928ರಲ್ಲಿ ಅವರು ಮುಂಬಯಿ ಶಾಸನ ಸಭೆಯಲ್ಲಿ ಈ ವತನದ ಕಾಯಿದೆಯನ್ನೇ ತಿದ್ದಬೇಕೆಂದು ಮಸೂದೆ ತಂದರು. ಹಗಲೂ ರಾತ್ರಿ ಸರ್ಕಾರಕ್ಕೆ ದುಡಿಯುವವನಿಗೆ ಸರ್ಕಾರ ಸಂಬಳ ಕೊಡಬೇಕು, ಅವನು ಊರಿನ ಭಿಕ್ಷೆಯ ಮೇಲೆ ಬದುಕಬಾರದು ಅನ್ನೋದು ಅದರ ತಿರುಳು. ಆ ಮಸೂದೆ ಪಾಸಾಗಲಿಲ್ಲ. ನಮ್ಮ ರಾಜ್ಯದಲ್ಲಿ ಈ ಗ್ರಾಮ ಹುದ್ದೆಗಳು ರದ್ದಾದದ್ದು 1961ರ ಕಾಯಿದೆಯಿಂದ, ಅದು ಜಾರಿಯಾದದ್ದು 1963ರಲ್ಲಿ.

ಇನ್ನೊಂದು ಕಡೆ ನೋಡಿ. 1871ರಲ್ಲಿ ಬ್ರಿಟಿಷರು ಕೆಲವು ಜಾತಿಗಳನ್ನೇ ಹುಟ್ಟು ಕಳ್ಳರು ಅಂತ ಬರೆದರು. ಆಮೇಲೆ ಹುಬ್ಬಳ್ಳಿ, ಗದಗಗಳಲ್ಲಿ ತಂತಿ ಬೇಲಿಯ ಸೆಟ್ಲಮೆಂಟ್ ಮಾಡಿ ಕೂಡಿಹಾಕಿದರು. 1952ರಲ್ಲಿ ಆ ಕಾಯಿದೆ ಹೋಯಿತು, ಮನಸ್ಸಿನ ಕಾಯಿದೆ ಹೋಗಲಿಲ್ಲ. ನಮ್ಮ ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಇವತ್ತಿಗೂ ಗಂಟಿಚೋರ ಅಂತ ಒಂದು ಹೆಸರಿದೆ. ಆ ಜಾತಿಯ ಕೂಸು ಶಾಲೆಗೆ ಹೋದರೆ ಸರ್ಟಿಫಿಕೇಟಿನಲ್ಲೇ "ಚೋರ". ಈ ಸಮುದಾಯಗಳ ಜನರನ್ನು ಮನಸ್ಸಿಗೆ ಬಂದಂತೆ ಬಂಧಿಸಬಾರದು ಅಂತ ಸುಪ್ರೀಂ ಕೋರ್ಟು 2024ರ ಅಕ್ಟೋಬರ್ 3ರಂದು ಪೊಲೀಸರಿಗೆ ಹೇಳಬೇಕಾಯಿತು. ಹೇಳಬೇಕಾಯಿತು ಅಂದರೆ ಅದು ಇನ್ನೂ ನಡೆಯುತ್ತಿದೆ ಅಂತಲೇ ಅರ್ಥ.

ಊರೇ ಪೊಲೀಸಾದರೆ ಏನಾಗುತ್ತದೆ ಅನ್ನೋದನ್ನೂ ಈ ಜಿಲ್ಲೆ ನೋಡಿದೆ. 1987ರಲ್ಲಿ ಬೆಳಗಾವಿ ತಾಲೂಕಿನ ಬೆಂಡಿಗೇರಿಯಲ್ಲಿ ಬೆಳೆ ಕದ್ದರೆಂದು ಆರೋಪ ಹೊರಿಸಿ ದಲಿತರಿಗೆ ಮಲ ತಿನ್ನಿಸಿದರು. ತಿನ್ನಿಸಿದವರ ಲೆಕ್ಕದಲ್ಲಿ ಅದೂ ಅಪರಾಧ ತಡೆಯುವ ಕೆಲಸವೇ! ಅದಾಗಿ ಎರಡು ವರ್ಷಕ್ಕೆ, 1989ರಲ್ಲಿ, ದೌರ್ಜನ್ಯ ತಡೆ ಕಾಯಿದೆ ಬಂತು. ತಿನ್ನಬಾರದ್ದನ್ನು ತಿನ್ನಿಸುವುದೇ ಅದರ ದೌರ್ಜನ್ಯದ ಪಟ್ಟಿಯಲ್ಲಿ ಮೊದಲನೆಯದು.

2023ರ ಡಿಸೆಂಬರ್ 11ರಂದು ಹೊಸ ವಂಟಮೂರಿಯಲ್ಲಿ ಮಗ ಪ್ರೀತಿಸಿದ ಹುಡುಗಿಯ ಜೊತೆ ಊರು ಬಿಟ್ಟನೆಂದು ಅವನ ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿದರು. ಊರು ನೋಡುತ್ತ ನಿಂತಿತ್ತು. ಹೈಕೋರ್ಟು ತಾನೇ ಕೇಸು ಎತ್ತಿಕೊಂಡು, ನೋಡುತ್ತ ನಿಂತವರು ಯಾಕೆ ಸುಮ್ಮನಿದ್ದರು ಅಂತ ಕೇಳಿತು. ಬೆಂಟಿಂಕನ ಕಾಲದಲ್ಲಿ ಇಡೀ ಊರಿಗೆ ದಂಡ ಹಾಕುತ್ತಿದ್ದುದನ್ನು ನೆನಪು ಮಾಡಿತು. ನಾವು ಹೇಳುವುದು ಇಷ್ಟು: ಅಷ್ಟು ಹಿಂದೆ ಹೋಗಬೇಕಿಲ್ಲ. ದೌರ್ಜನ್ಯ ತಡೆ ಕಾಯಿದೆಯ 16ನೇ ಕಲಮಿನಲ್ಲೇ ಸಾಮೂಹಿಕ ದಂಡ ಇದೆ. ನಮ್ಮ ಕೇರಿಗಳ ಮೇಲೆ ಊರು ಬಿದ್ದಾಗ ಈ ಕಲಮು ಯಾಕೆ ಯಾರ ನೆನಪಿಗೂ ಬರುವುದಿಲ್ಲ?

ಈಗ ನಮ್ಮೊಳಗಿನ ಮಾತು. "ಆ ಸಮಿತಿಯೊಳಗೆ ಹೋಗಬ್ಯಾಡ್ರೋ, ಹ್ವಾದ್ರ ಪೊಲೀಸರ ಬಾತ್ಮೀದಾರ ಆಗ್ತೀರಿ, ಮತ್ತ ತಳವಾರಕಿ ಮಾಡಿಧಂಗ" ಅಂತ ನಮ್ಮ ಹಿರಿಯರೊಬ್ಬರು ಸಭೆಯಲ್ಲಿ ಹೇಳಿದರು. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಅವರ ಅಪ್ಪ ತಳವಾರಿಕೆ ಮಾಡಿದವರು. ಆದರೂ ನಾವು ಒಪ್ಪುವುದಿಲ್ಲ. ಕಾರಣ ಇಷ್ಟೇ. ನಾವು ಹೊರಗೆ ನಿಂತರೆ ಸಮಿತಿ ನಿಲ್ಲುವುದಿಲ್ಲ, ನಾವಿಲ್ಲದೆ ನಡೆಯುತ್ತದೆ. ನಮ್ಮ ಬಗ್ಗೆ ಮಾತಾಡುತ್ತದೆ, ನಮ್ಮ ಹುಡುಗರ ಹೆಸರು ಬರೆಸುತ್ತದೆ. ತಳವಾರನಿಗೆ ಕೆಲಸ ಇತ್ತು, ಮಾತು ಇರಲಿಲ್ಲ. ನಾವು ಮಾತು ಕೇಳಿಕೊಂಡು ಹೋಗೋಣ. ಕೆಲಸ ಎಲ್ಲರದ್ದೂ ಆಗಲಿ.

ಜನ ಮತ್ತು ಪೊಲೀಸರು ಕೂಡಿದರೆ ಒಳ್ಳೆಯದೂ ಆಗುತ್ತದೆ, ಅದಕ್ಕೂ ನಮ್ಮ ಹತ್ತಿರವೇ ಸಾಕ್ಷಿ ಇದೆ. ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ ಮಾಜಿ ದೇವದಾಸಿ ತಾಯಂದಿರು 1997ರಲ್ಲಿ ಮಾಸ್ ಅನ್ನುವ ತಮ್ಮದೇ ಸಂಸ್ಥೆ ಕಟ್ಟಿಕೊಂಡರು. ಮುತ್ತು ಕಟ್ಟುವುದು 1982ರ ಕಾಯಿದೆಯಿಂದಲೇ ಅಪರಾಧ. ಆದರೆ ಯಾವ ಮನೆಯಲ್ಲಿ, ಯಾವ ಹುಣ್ಣಿಮೆಗೆ, ಯಾವ ಹುಡುಗಿಗೆ ಕಟ್ಟುತ್ತಾರೆ ಅಂತ ಠಾಣೆಯಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಅದು ಗೊತ್ತಾಗುವುದು ಆ ನೋವು ಉಂಡವರಿಗೆ. ಅವರು ಮನೆ ಮನೆಗೆ ಹೋಗಿ ತಿಳಿಹೇಳಿದರು, ಕೇಳದಿದ್ದರೆ ಪೊಲೀಸರನ್ನು ಕರೆದರು. ಹುಡುಗಿಯ ಕೊರಳಿಗೆ ಮುತ್ತು ಬೀಳುವ ಮೊದಲೇ ಕೈ ಹಿಡಿದದ್ದು ಆ ತಾಯಂದಿರು. ಅಪರಾಧ ತಡೆಯುವುದು ಅಂದರೆ ಇದು. ಅಲ್ಲಿ ಯಾರೂ ಯಾರ ಬಾತ್ಮೀದಾರರೂ ಅಲ್ಲ.

ಕಾಯಿದೆಯೂ ಇದನ್ನೇ ಹೇಳುತ್ತದೆ. ನಮ್ಮವರು ಕೇಸಾದ ಮೇಲಿನ ಕಲಮು ಓದುತ್ತಾರೆ, ಕೇಸಿಗೆ ಮುಂಚಿನದನ್ನು ಓದುವುದಿಲ್ಲ. ದೌರ್ಜನ್ಯ ನಡೆಯಬಹುದಾದ ಜಾಗ ಗುರುತಿಸಿ ಮೊದಲೇ ಕ್ರಮ ತೆಗೆದುಕೊಳ್ಳಬೇಕು ಅಂತ 17ನೇ ಕಲಮು ಹೇಳುತ್ತದೆ. 1995ರ ನಿಯಮಗಳಲ್ಲಿ 3ನೇ ನಿಯಮ ನೋಡಿ. ಅಂಥ ಜಾಗದಲ್ಲಿ ಬಂದೂಕಿನ ಲೈಸೆನ್ಸ್ ಪರಿಶೀಲಿಸಬೇಕು, ಜಾಗೃತಿ ಸಮಿತಿ ಮಾಡಬೇಕು, ನಮ್ಮವರಿಗೆ ಹಕ್ಕಿನ ತಿಳುವಳಿಕೆ ಕೊಡಬೇಕು. 17ನೇ ನಿಯಮದ ಪ್ರಕಾರ ಜಿಲ್ಲಾಧಿಕಾರಿಗಳ ಸಮಿತಿ ಮೂರು ತಿಂಗಳಿಗೊಮ್ಮೆ ಕೂಡಬೇಕು. ಫಿರ್ಯಾದಿ ತೆಗೆದುಕೊಳ್ಳದೆ ಬೇಕೆಂದೇ ಕರ್ತವ್ಯ ಬಿಟ್ಟ, ಪರಿಶಿಷ್ಟರಲ್ಲದ ಸರ್ಕಾರಿ ನೌಕರನಿಗೆ 4ನೇ ಕಲಮಿನಲ್ಲಿ ಆರು ತಿಂಗಳಿಂದ ಒಂದು ವರ್ಷದ ಶಿಕ್ಷೆ ಇದೆ. ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅಂತ 2018ರಲ್ಲಿ ಸೇರಿಸಿದ 18ಎ ಹೇಳುತ್ತದೆ. 2025ರಲ್ಲಿ ನಾಗರಿಕ ಹಕ್ಕುಗಳ ಜಾರಿ ನಿರ್ದೇಶನಾಲಯಕ್ಕೆ ತನ್ನದೇ ಠಾಣೆಗಳೂ ಬಂದವು. ಒಳ್ಳೆಯದು. ಆದರೆ ಅದು ಬೆಂಕಿ ಬಿದ್ದ ಮೇಲಿನ ಮಾತು. ಹೊಗೆ ಕಾಣುವುದು ಬೀಟಿನ ಪೇದೆಗೆ ಮತ್ತು ಕೇರಿಯ ಜನಕ್ಕೆ.

ಹೊಗೆ ಅಂದರೇನು? ಹೋಟೆಲಿನಲ್ಲಿ ಬೇರೆ ಲೋಟ ಇಟ್ಟರೆ ಅದು ಹೊಗೆ. ಕ್ಷೌರದಂಗಡಿಯವನು "ಇವತ್ತ ರಜಾ" ಅಂದರೆ ಅದು ಹೊಗೆ. ಜಾತ್ರೆಗೆ ಹದಿನೈದು ದಿನ ಮೊದಲು ಹಲಿಗೆ ಬಾರಿಸಲು ಒಲ್ಲೆ ಅಂದ ಹುಡುಗನ ಮನೆ ಮುಂದೆ ನಾಲ್ಕು ಮಂದಿ ಬಂದು ನಿಂತರೆ ಅದು ಹೊಗೆ. ಬಾಬಾಸಾಹೇಬರ ಫೋಟೋದ ಬ್ಯಾನರ್ ರಾತ್ರಿ ಹರಿದರೆ ಅದು ಹೊಗೆ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ಕೇರಿಗೆ ಬೆಂಕಿ ಬಿತ್ತು. ಅದರ ತೀರ್ಪು ಬಂದು 98 ಮಂದಿಗೆ ಜೀವಾವಧಿ ಅಂತ ಸೆಷನ್ಸ್ ಕೋರ್ಟು ಹೇಳಿದ್ದು 2024ರ ಅಕ್ಟೋಬರಿನಲ್ಲಿ. ಹತ್ತು ವರ್ಷ! ಹೊಗೆ ಕಂಡಾಗ ನೀರು ಹಾಕಿದ್ದರೆ ಸುಟ್ಟವರ ಮನೆಯೂ ಉಳಿಯುತ್ತಿತ್ತು, ಸುಡಲು ಹೋದವರ ಮಕ್ಕಳೂ ಜೈಲಿನ ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ.

ನಮ್ಮ ತಪ್ಪನ್ನೂ ಹೇಳಿಕೊಳ್ಳೋಣ, ಮುಚ್ಚಿಟ್ಟರೆ ಉಪಯೋಗವಿಲ್ಲ. ಸಾರಾಯಿ 2007ರಲ್ಲಿ ಬಂದಾಯಿತು ಅಂತಾರೆ, ಕೇರಿಯ ಕಿರಾಣಿ ಅಂಗಡಿಯಲ್ಲಿ ಪಾಕೀಟು ಸಿಗುತ್ತದೆ. ಓಸಿ ಚೀಟಿ ಬರೆಯುವವರು ನಮ್ಮಲ್ಲೂ ಇದ್ದಾರೆ. ಕುಡಿದು ಹೆಂಡತಿಗೆ ಹೊಡೆಯುವವನ ಮನೆಯ ಗೋಳು ಕೇಳಿ "ಅವರ ಮನಿ ವಿಷಯ" ಅಂತ ಬಾಗಿಲು ಹಾಕಿಕೊಳ್ಳುವವರು ನಾವೇ. ವಂಟಮೂರಿಯಲ್ಲಿ ನೋಡುತ್ತ ನಿಂತವರಿಗೂ ನಮಗೂ ಎಷ್ಟು ದೂರ? ಕೇರಿಯ ಹೆಣ್ಣುಮಗಳು 112ಕ್ಕೆ ಫೋನ್ ಮಾಡಿದರೆ "ಕೇರಿ ಮಾನ ಕಳದ್ಲು" ಅನ್ನಬಾರದು. ಮಾನ ಕಳೆದವನು ಕೈ ಎತ್ತಿದವನು.

ಹಾಗಾದರೆ ನಾವು ಕೇಳುವುದೇನು?

ಒಂದು: ಬೀಟ್ ಸಭೆ ಎಲ್ಲರೂ ಕೂಡ್ರಬಹುದಾದ ಜಾಗದಲ್ಲಿ ಆಗಲಿ. ಶಾಲೆ ಇದೆ, ಪಂಚಾಯಿತಿ ಇದೆ, ಸಮುದಾಯ ಭವನ ಇದೆ. ನಾಲ್ಕು ಸಭೆಯಲ್ಲಿ ಒಂದು ನಮ್ಮ ಕೇರಿಯಲ್ಲೇ ಆಗಲಿ.

ಎರಡು: ಪ್ರತಿ ಸಮಿತಿಯಲ್ಲಿ ಕೇರಿಯಿಂದ ಒಬ್ಬ ಗಂಡಸು, ಒಬ್ಬ ಹೆಣ್ಣುಮಗಳು ಇರಲಿ. ಅವರನ್ನು ಕೇರಿಯೇ ಆರಿಸಲಿ, ಊರಿನ ಹಿರಿಯರಲ್ಲ.

ಮೂರು: ಬೀಟ್ ಪುಸ್ತಕದಲ್ಲಿ ಕಳ್ಳರ ಪಟ್ಟಿ ಬರೆದಂತೆಯೇ, ಬೇರೆ ಲೋಟದ ಹೋಟೆಲು, ಬಾಗಿಲು ಹಾಕಿದ ಗುಡಿ, ಬಹಿಷ್ಕಾರದ ಮಾತು, ಇವೂ ಬರೆಯಲಿ. ಅಪರಾಧ ಅಂದರೆ ಕೇಬಲ್ ಕಳುವು ಮಾತ್ರ ಅಲ್ಲ.

ನಾಲ್ಕು: ವಿಚಾರಣೆಗೆ ಕರೆದರೆ ನೋಟಿಸ್ ಕೊಟ್ಟು ಹಗಲಿನಲ್ಲಿ ಕರೆಯಲಿ. ಮನೆಯವರಿಗೆ ಹೇಳಿ ಕರೆದೊಯ್ಯಲಿ.

ಐದು: ಠಾಣೆಯಲ್ಲಿ ನಡೆಸುವ ಪರಿಶಿಷ್ಟರ ಕುಂದುಕೊರತೆ ಸಭೆಯಲ್ಲಿ ಚಹಾ ಕುಡಿದು ಸಹಿ ಹಾಕಿ ಬರುವುದು ಸಾಕು. ಹಿಂದಿನ ಸಭೆಯಲ್ಲಿ ಹೇಳಿದ್ದು ಏನಾಯಿತು ಅಂತ ಓದಿ ಹೇಳಲಿ. ಓದದಿದ್ದರೆ ನಾವು ಸಹಿ ಹಾಕಬಾರದು.

ಇದರಲ್ಲಿ ಭಿಕ್ಷೆ ಒಂದೂ ಇಲ್ಲ. ಖರ್ಚೂ ಇಲ್ಲ. ಬೀಟಿಗೆ ಬರುವ ಪೇದೆಯೂ ಬಡವರ ಮನೆಯ ಮಗನೇ, ಕೆಲವೊಮ್ಮೆ ನಮ್ಮ ಕೇರಿಯ ಮಗನೇ. ಅವನ ಮೇಲೆ ನಮಗೆ ಹಗೆ ಇಲ್ಲ. ಅವನು ಕೇರಿಗೆ ಹಗಲಿನಲ್ಲಿ ಬರಲಿ, ನಮ್ಮ ಮನೆಯ ನೀರು ಕುಡಿಯಲಿ, ಹೆಸರು ಹಿಡಿದು ಮಾತಾಡಿಸಲಿ. ಆಗ ರಾತ್ರಿ ಜೀಪು ಬರುವ ಅಗತ್ಯ ಕಡಿಮೆಯಾಗುತ್ತದೆ.

ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲೂಕಾಯಿತು, ಕಚೇರಿ ಹತ್ತಿರ ಬಂತು. ಕಚೇರಿ ಹತ್ತಿರ ಬಂದರೆ ನ್ಯಾಯ ತಾನೇ ಬರುವುದಿಲ್ಲ, ನಾವು ಹೋಗಿ ಕೇಳಬೇಕು. ಮುಂದಿನ ಬೀಟ್ ಸಭೆ ಯಾವತ್ತು ಅಂತ ನಿಮ್ಮ ಊರಿನ ಪೇದೆಯನ್ನು ಕೇಳಿ. ಇಬ್ಬರ ಹೆಸರು ಕೇರಿಯಲ್ಲಿ ಕೂತು ಬರೆದುಕೊಂಡು ಹೋಗಿ. ಗಿಡದ ಕೆಳಗೆ ನಿಲ್ಲಬೇಡಿ. ಓದು ಬಾರದ ಹಿರಿಯರಿಗೆ ಈ ಪುಟ ಓದಿ ಹೇಳಿ.

ಊರು ಕಾಯೋಣ, ಬೇಡ ಅನ್ನೋದಿಲ್ಲ. ಆದರೆ ಆ ಊರಿನಲ್ಲಿ ನಮ್ಮ ಕೇರಿಯೂ ಇರಬೇಕು.

ಜೈ ಭೀಮ್.